ಇಡ್ಲಿ ತಟ್ಟೆಯಲ್ಲಿ ಐದು ಮೀಟರು

ಹೆಣ್ಣು ನೋಡಲು ಬಂದ ದಿನ ಚಂದ್ರಮೌಳಿಯವರು ಮೊದಲು ನೋಡಿದ್ದು ಹೆಣ್ಣನ್ನಲ್ಲ, ಗೋಡೆಯ ಗಡಿಯಾರವನ್ನು.

ಗುಂಡ್ಲುಪೇಟೆಯ ತವರುಮನೆಯ ನಡುಮನೆಯಲ್ಲಿ ದಾಕ್ಷಾಯಣಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದಳು. ಅವರು ತಮ್ಮ ಕೈಗಡಿಯಾರ ನೋಡಿಕೊಂಡರು, ಗೋಡೆ ನೋಡಿದರು, ಮತ್ತೆ ಕೈ ನೋಡಿಕೊಂಡರು. "ಇದು ಏಳು ನಿಮಿಷ ಹಿಂದಿದೆ" ಎಂದರು. ಆ ಮನೆಯಲ್ಲಿ ಅವರು ಆಡಿದ ಮೊದಲ ಮಾತು ಅದೇ. ಸ್ಟೂಲು ತರಿಸಿ, ಹತ್ತಿ, ಮುಳ್ಳು ತಿರುಗಿಸಿ ಇಳಿಯುವ ಹೊತ್ತಿಗೆ ಉಪ್ಪಿಟ್ಟು ತಣ್ಣಗಾಗಿತ್ತು. ಹುಡುಗಿ ಒಪ್ಪಿಗೆಯೇನಪ್ಪ ಎಂದು ಹಿರಿಯರು ಕೇಳಿದರೆ, "ಈಗ ಸರಿಯಾಗಿದೆ" ಎಂದರು. ಹುಡುಗಿಗೆ ಹೇಳಿದರೋ ಗಡಿಯಾರಕ್ಕೆ ಹೇಳಿದರೋ ಯಾರಿಗೂ ತಿಳಿಯಲಿಲ್ಲ. ತಿಳಿದುಕೊಳ್ಳುವ ಮೊದಲೇ ಲಗ್ನ ಕಟ್ಟಿಸಿಬಿಟ್ಟರು.

ಚಂದ್ರಮೌಳಿಯವರಿಗೆ ತೂಕ ಮತ್ತು ಅಳತೆ ಇಲಾಖೆಯಲ್ಲಿ ಗುಮಾಸ್ತಿಕೆ. ಮೈಸೂರಿನ ಅಂಗಡಿಗಳ ತಕ್ಕಡಿ, ಕಲ್ಲು, ಲೀಟರು ಎಲ್ಲಕ್ಕೂ ವರ್ಷಕ್ಕೊಮ್ಮೆ ಮುದ್ರೆ ಬೀಳುವ ಕಡೆ ಮೂವತ್ತು ವರ್ಷ ಕೂತು ಎದ್ದವರು. ಕೂತ ಕಡೆ ಅವರಿಗೊಂದು ಸಿದ್ಧಾಂತ ಹುಟ್ಟಿತ್ತು. "ಮನುಷ್ಯ ಹೇಳೋದು ಸುಳ್ಳು, ನಿಜ ಹೇಳೋದು ಮುಳ್ಳು." ಮುಳ್ಳು ಎಂದರೆ ಮೀಟರಿನ ಮುಳ್ಳು. ಹೆಂಡತಿ ಮೈ ಕಾಯುತ್ತಿದೆ ಎಂದು ಮಲಗಿದರೆ ಹಣೆ ಮುಟ್ಟಿ ನೋಡುವವರಲ್ಲ, ಥರ್ಮಾಮೀಟರು ಕೊಡುವವರು. ಅದರಲ್ಲಿ ತೊಂಬತ್ತೆಂಟೂವರೆ ಇದ್ದರೆ ಎದ್ದು ಅಡುಗೆ ಮಾಡಬೇಕು.

ದಾಕ್ಷಾಯಣಿಯ ಓದು ಎರಡನೇ ಕ್ಲಾಸು. ಹೆಸರು ಬರೆಯಲು ಬರುತ್ತಿತ್ತು, ಗಡಿಯಾರ ನೋಡಲು ಬರುತ್ತಿತ್ತು, ಮಿಕ್ಕ ವಿದ್ಯೆಯೆಲ್ಲ ಬೆರಳ ತುದಿಯಲ್ಲಿ. ಕಾವಲಿಗೆ ನಾಲ್ಕು ಹನಿ ನೀರು ಚಿಮುಕಿಸಿದರೆ, ಚುಂಯ್ ಎನ್ನುವ ಸದ್ದಿನಲ್ಲೇ ದೋಸೆ ಏಳುತ್ತದೋ ಹರಿಯುತ್ತದೋ ಹೇಳುವಳು. ಅವಳು ಎಡಚಿ. ಹೂ ಕಟ್ಟಿದರೂ, ಹೊರೆ ಬಿಗಿದರೂ ಗಂಟು ಎಡಕ್ಕೆ ತಿರುಗಿರುತ್ತಿತ್ತು. ಅವಳು ಹಾಕಿದ ಗಂಟನ್ನು ಇನ್ನೊಬ್ಬರು ಬಿಚ್ಚಿದ್ದಿಲ್ಲ. ಇಬ್ಬರೂ ಒಂದೇ ಮನೆಯಲ್ಲಿ ಎರಡು ಇಲಾಖೆ ನಡೆಸಿಕೊಂಡು ಸರಸ್ವತಿಪುರಂನ ಬಾಡಿಗೆಮನೆಯಲ್ಲಿ ಮೂವತ್ತು ವರ್ಷ ತಳ್ಳಿದರು. ಮಗಳು ಮದುವೆಯಾಗಿ ಹಾಸನ ಸೇರಿದಳು.

ತೊಂಬತ್ತೊಂಬತ್ತರಲ್ಲಿ ಅವರು ನಿವೃತ್ತರಾದರು. ಸನ್ಮಾನದ ಹಾರ ಬಾಡುವ ಮೊದಲೇ ಮನೆ ಮುಂದೆ ಒಂದು ಹಳೆಯ ಬುಲೆಟ್ಟು ಬಂದು ನಿಂತಿತು. ನಿಂತದ್ದು ಎಂದರೆ, ಅದೇ ಅದರ ಮುಖ್ಯ ಉದ್ಯೋಗ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಚಂದ್ರಮೌಳಿಯವರು ಅದರ ಸೀಟಿನ ಮೇಲೆ ಕೈಯಿಟ್ಟು ಪ್ರತಿಜ್ಞೆ ಮಾಡಿದರು. ಇನ್ನು ಈ ಮನೆಯವರು ಬಸ್ ಸ್ಟ್ಯಾಂಡಿನ ಮುಖ ನೋಡುವುದಿಲ್ಲ. ಶ್ರೀಶೈಲ, ಕಾಶಿ, ಕೇದಾರ, ಎಲ್ಲವೂ ಇದರ ಮೇಲೆಯೇ! ಹೆಂಡತಿಯಾದವಳು ಹಿಂದೆ ಕೂತರೆ ಸಾಕು, ಬೇರೇನೂ ಕೆಲಸವಿಲ್ಲ.

"ಕೇದಾರ ಆಮೇಲಾಯ್ತು, ಮೊದಲು ಗುಂಡ್ಲುಪೇಟೆಗೆ ಕರ್ಕೊಂಡು ಹೋಗಿ" ಎಂದಳು ದಾಕ್ಷಾಯಣಿ.

ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಅರವತ್ತು ಕಿಲೋಮೀಟರು. ಅವ್ವ ಸಿದ್ದಲಿಂಗಮ್ಮನಿಗೆ ಎಪ್ಪತ್ತಾರು ದಾಟಿತ್ತು, ಮಂಡಿ ನೋವು, ಮೈಸೂರಿಗೆ ಬರಲಾರಳು. ಮಗಳು ಗಂಡನ ಹಿಂದೆ ಗಾಡಿಯಲ್ಲಿ ಬಂದಿಳಿಯುತ್ತಾಳೆ ಎಂದು ಬೀದಿಗೆಲ್ಲ ಹೇಳಿಕೊಂಡು ಜಗುಲಿಯಲ್ಲಿ ಕೂತಿದ್ದಳು. ಇಲ್ಲಿ ಮೈಸೂರಿನ ಬಾಡಿಗೆಮನೆಯ ಮಾಲೀಕರಾದ ಶಿವಮಲ್ಲಪ್ಪನವರು ಮಹಡಿ ಮೇಲಿದ್ದರು. ಅವರ ಮನೆಯ ಫೋನಿನಿಂದ ದಾಕ್ಷಾಯಣಿ ಊರಿನಲ್ಲಿದ್ದ ತನ್ನ ತಮ್ಮ ಶಿವಲಿಂಗಯ್ಯನಿಗೆ ಹೇಳಿದಳು, ಮುಂದಿನ ಸೋಮವಾರ ಬರ್ತೀವಿ ಅಂತ ಅವ್ವನಿಗೆ ಹೇಳು.

ಆ ಸೋಮವಾರ ಬರಲು ಎರಡು ವರ್ಷ ಬೇಕಾಯಿತು.

ಕಾರಣ ಏನೆಂದರೆ ಗಾಡಿಗೆ ಇದ್ದದ್ದು ವೇಗ ತೋರಿಸುವ ಮೀಟರು ಒಂದು, ಕರೆಂಟು ತೋರಿಸುವ ಪುಟ್ಟ ಮುಳ್ಳು ಒಂದು. ಇಷ್ಟನ್ನೇ ನಂಬಿಕೊಂಡು ಊರು ಬಿಡುವುದು ಆತ್ಮಹತ್ಯೆ ಎಂದು ಚಂದ್ರಮೌಳಿಯವರು ತೀರ್ಮಾನಿಸಿದರು. ಇಂಜಿನ್ನಿನ ಹೊಟ್ಟೆಯಲ್ಲಿ ಎಣ್ಣೆ ಎಷ್ಟು ಕಾದಿದೆ, ಎಷ್ಟು ಒತ್ತಡದಲ್ಲಿ ಓಡಾಡುತ್ತಿದೆ, ಬ್ಯಾಟರಿಯ ಮನಸ್ಸು ಹೇಗಿದೆ, ಗೊತ್ತಾಗಬೇಡವೇ? ಹೆಂಡತಿಯ ಹೊಟ್ಟೆಯಲ್ಲಿ ಏನು ಕಾದಿದೆ ಎಂದು ತೋರಿಸುವ ಮೀಟರು ಗುಜರಿಯಲ್ಲಿ ಸಿಗುತ್ತಿರಲಿಲ್ಲ, ಸಿಕ್ಕಿದ್ದರೆ ಅದನ್ನೂ ತರುತ್ತಿದ್ದರೇನೋ. ಮೊದಲ ಆರು ತಿಂಗಳಿಗೆ ಕೆಟ್ಟ ಲಾರಿಯೊಂದರ ವೋಲ್ಟು ಮೀಟರು ಬಂತು. ಆಮೇಲೆ ಜೀಪಿನ ಆಯಿಲ್ ಮೀಟರು. ಆಮೇಲೆ ಟ್ರ್ಯಾಕ್ಟರಿನ ಬಿಸಿ ಮೀಟರು, ಅದಕ್ಕೆ ಹಸಿರು, ಹಳದಿ, ಕೆಂಪು ಬಣ್ಣದ ಪಟ್ಟಿ. ಆಮೇಲೆ ಹಳೇ ಕಾರಿನ ಗಡಿಯಾರ. ಕೊನೆಗೆ ದಿಕ್ಕು ತೋರಿಸುವ ದಿಕ್ಸೂಚಿ. ಕಬ್ಬಿಣದ ಪಕ್ಕ ಕೂತ ಅದರ ಪ್ರಕಾರ ನಂಜನಗೂಡು ಮೈಸೂರಿಗೆ ಉತ್ತರಕ್ಕಿತ್ತು.

ಐದನ್ನೂ ಕೂರಿಸಲು ಹಲಗೆ ಬೇಕಲ್ಲ. ಒಂದು ಬೆಳಿಗ್ಗೆ ದಾಕ್ಷಾಯಣಿ ಹಿಟ್ಟು ಹಿಡಿದುಕೊಂಡು ಅಡುಗೆಮನೆಯೆಲ್ಲ ಹುಡುಕಿದಳು.

"ಇಡ್ಲಿ ತಟ್ಟೆ ಎಲ್ರೀ?"

"ಯಾವ ತಟ್ಟೆ?"

"ಐದು ಗುಳೀದು. ನಮ್ಮವ್ವ ಕೊಟ್ಟಿದ್ದು."

"ಅದು ಈಗ ಡ್ಯಾಶ್‌ಬೋರ್ಡು ಕಣೆ."

"ಹಂಗಾದ್ರೆ ತಿಂಡಿಗೆ ಡ್ಯಾಶ್‌ಬೋರ್ಡೇ ತಿನ್ನಿ" ಎಂದು ಹಿಟ್ಟಿನ ಪಾತ್ರೆ ಕೆಳಗಿಟ್ಟಳು.

ಪ್ರತಿ ಗುಳಿಯಲ್ಲೂ ಗುಂಡಗೆ ತೂತು ಕೊರೆದು, ಮೀಟರು ಕೂರಿಸಿ, ತಟ್ಟೆಯನ್ನು ಹ್ಯಾಂಡಲ್ಲಿಗೆ ಬೋಲ್ಟು ಹಾಕಿ ಬಿಗಿದಿದ್ದರು. ನೋಡಲು ಚೆನ್ನಾಗಿಯೇ ಇತ್ತು ಎನ್ನಬೇಕು. ಬೀದಿಯವರು ಅದಕ್ಕೆ ಇಡ್ಲಿ ಗಾಡಿ ಎಂದು ನಾಮಕರಣ ಮಾಡಿದರು. ತಟ್ಟೆಯ ಹಿಂದಿನಿಂದ ಹೊರಟ ವೈರುಗಳು ಒಂದು ಹಿಡಿ ಗಾತ್ರಕ್ಕೆ ಗೊಂಚಲಾಗಿ, ದೀಪದ ಪಕ್ಕದಲ್ಲಿ ತೂರಿ, ಪೆಟ್ರೋಲ್ ಟ್ಯಾಂಕಿನ ಅಡಿಗೆ ಇಳಿದು ಮಾಯವಾಗುತ್ತಿದ್ದವು. ಇಂಜಿನ್ನಿಗೆ ತೂತು ಕೊರೆದು ಬಿಸಿ ಮೀಟರಿನ ವೈರು ಸೇರಿಸಿಕೊಟ್ಟವನು ಆಟೋ ಎಲೆಕ್ಟ್ರಿಷಿಯನ್ ಚೆಲುವರಾಜು. ಈ ವೈರಿಗೆಲ್ಲ ಮೇಲೊಂದು ಕೊಳವೆ ತೊಡಿಸಿ ಸಾರ್, ಎಲ್ಲಾದ್ರೂ ತರಚಿ ಕಬ್ಬಿಣಕ್ಕೆ ತಾಗಿದ್ರೆ ಮೀಟರು ಹುಚ್ಚುಹುಚ್ಚಾಗಿ ತೋರಿಸುತ್ತೆ ಎಂದು ಅವನು ಹೇಳಿದ. ನನಗೆ ಅಳತೆ ವಿಷಯ ಹೇಳಿಕೊಡಬೇಡ ಎಂದು ಇವರು ಗದರಿದರು. ಅವನು ಸ್ಪ್ಯಾನರು ಒರೆಸಿಕೊಳ್ಳುತ್ತ, "ಇಷ್ಟೊಂದು ಮೀಟರು ನೋಡ್ಕೊಂಡು ರೋಡು ಯಾವಾಗ ನೋಡ್ತೀರ ಸಾರ್?" ಎಂದು ಕೇಳಿದ.

ವೈರಿಂಗು ಇವರೇ ಮಾಡಿದರು. ಅದರ ಫಲವನ್ನು ಶಿವಮಲ್ಲಪ್ಪನವರು ಉಂಡರು. ಅವರ ಮನೆಗೆ ಮಠದಿಂದ ಸ್ವಾಮಿಗಳು ಪಾದಪೂಜೆಗೆ ದಯಮಾಡಿಸಿದ ದಿನ, ಎಲ್ಲರೂ ಕಣ್ಣುಮುಚ್ಚಿ ಕೂತಿದ್ದಾಗ, ಕೆಳಗೆ ಬುಲೆಟ್ಟಿನ ಹಾರನ್ನು ತಾನಾಗಿಯೇ ಕೂಗಲು ಶುರುಮಾಡಿತು. ಹನ್ನೊಂದು ನಿಮಿಷ ಕೂಗಿತು. ಚಂದ್ರಮೌಳಿಯವರು ಒಂದು ವೈರು ಎಳೆದರೆ ಎಡಗಡೆ ದೀಪ ಹತ್ತುತ್ತಿತ್ತು, ಇನ್ನೊಂದು ಎಳೆದರೆ ಬಲಗಡೆಯದು. ಹಾರನ್ನು ಮಾತ್ರ ಭಕ್ತಿಯಿಂದ ಮುಂದುವರಿಯಿತು. ಸ್ವಾಮಿಗಳೇ ಮೆಟ್ಟಿಲಿಳಿದು ಬಂದರು.

"ಏನಪ್ಪ ಇದರ ಅರ್ಥ?"

"ಅರ್ತ್ ವೈರಿಂದೇ ತೊಂದರೆ ಬುದ್ದಿ. ತಪ್ಪು ಕಡೆ ಕೊಟ್ಟುಬಿಟ್ಟಿದ್ದೀನಿ. ಅರ್ತ್ ಸಿಕ್ಕಿಬಿಟ್ರೆ ಎಲ್ಲ ಸರಿಹೋಗುತ್ತೆ."

"ನಾವೂ ಅದನ್ನೇ ಹುಡುಕ್ತಾ ಇದೀವಿ" ಎಂದು ಸ್ವಾಮಿಗಳು ನಕ್ಕು ಮೇಲೆ ಹೋದರು. ಮದುವೆಯಾದಾಗಿನಿಂದ ತನಗೂ ಸಿಕ್ಕಿಲ್ಲ ಎಂದು ದಾಕ್ಷಾಯಣಿ ಬಾಗಿಲ ಹಿಂದೆ ನಿಂತು ಅಂದುಕೊಂಡಳು.

ಹೀಗೆ ಒಂದೊಂದು ಮೀಟರಿಗೆ ಒಂದೊಂದು ಸೋಮವಾರ ಬಲಿಯಾಯಿತು. ನಾನು ಬಸ್ಸಿನಲ್ಲಿ ಹೋಗಿಬರ್ತೀನಿ ಎಂದು ಅವಳು ಆರು ಸಲ ಕೇಳಿದಳು. ಪ್ರತಿ ಸಲವೂ ಇನ್ನೊಂದೇ ಮೀಟರು ಬಾಕಿ ಇರುತ್ತಿತ್ತು. ಅವ್ವನೂ ಫೋನಿನಲ್ಲಿ, ಬಂದರೆ ಗಾಡೀಲೇ ಬಾ, ಬಸ್ಸಿನಲ್ಲಿ ಬಂದು ನನ್ನ ಮಾತು ಕೆಳಗೆ ಹಾಕಬೇಡ ಎನ್ನುತ್ತಿದ್ದಳು. ಹಾಗೆ ಹೇಳುತ್ತ ಹೇಳುತ್ತ ಅವಳ ಧ್ವನಿ ಸಣ್ಣಗಾಗುತ್ತ ಬಂತು.

ಎರಡು ಸಾವಿರದ ಒಂದನೇ ಇಸವಿಯ ಆಯುಧಪೂಜೆಗೆ ಐದು ಮೀಟರೂ ಸಿದ್ಧವಾಗಿದ್ದವು. ಗಾಡಿ ತೊಳೆದು ನಿಲ್ಲಿಸಿ, ಚಂದ್ರಮೌಳಿಯವರು ಒಂದೊಂದು ಮೀಟರಿನ ಗಾಜಿಗೂ ಬೆರಳಿನಿಂದ ಮೂರು ಎಳೆ ವಿಭೂತಿ ಎಳೆಯುತ್ತಿದ್ದರು. ಹ್ಯಾಂಡಲ್ಲಿನ ಎರಡು ಕಡೆಗೆ ಬಾಳೆಕಂದು ಕಟ್ಟುವುದು ದಾಕ್ಷಾಯಣಿಯ ಪಾಲಿಗೆ ಬಂತು. ಎಡಗಡೆಯದನ್ನು ಹುರಿಯಲ್ಲಿ ಕಟ್ಟಿದಳು. ಬಲಗಡೆಗೆ ಹುರಿ ಸಾಲಲಿಲ್ಲ, ಕಂದು ಕುಡುಕನ ಹಾಗೆ ವಾಲುತ್ತಿತ್ತು. ಹಿತ್ತಲಲ್ಲಿ ಬಟ್ಟೆ ಒಣಹಾಕುವ ಕಡೆ ಬಿದ್ದಿದ್ದ ಒಂದು ಗೇಣು ಕಬ್ಬಿಣದ ತಂತಿ ತಂದಳು. ಕಂದು, ಹ್ಯಾಂಡಲ್ಲು, ಕೈಗೆ ಸಿಕ್ಕಿದ ಮಿಕ್ಕದ್ದು ಎಲ್ಲವನ್ನೂ ಸೇರಿಸಿ ಎರಡು ಸುತ್ತು ಸುತ್ತಿದಳು. ಇಕ್ಕಳದಲ್ಲಿ ಹಿಡಿದು ಬಿಗಿಯಾಗಿ ತಿರುಚಿದಳು. ಹಿಡಿದ ಕೆಲಸ ಸಡಿಲ ಬಿಡುವವಳಲ್ಲ ಅವಳು. ಕಂದು ಕಂಬದ ಹಾಗೆ ನಿಂತಿತು. ಮೂರು ದಿನ ಬಿಟ್ಟು ಬಾಡಿದ ಕಂದನ್ನು ಅವರು ಕಿತ್ತೆಸೆದರು. ತಂತಿ ಅಲ್ಲೇ ಉಳಿದದ್ದನ್ನು ಯಾರೂ ನೋಡಲಿಲ್ಲ.

ದಸರಾ ಮುಗಿದು ಹದಿನೆಂಟನೇ ದಿನ ಬೆಳಿಗ್ಗೆ ಏಳು ಗಂಟೆಗೆ ಶಿವಮಲ್ಲಪ್ಪನವರು ಮಹಡಿಯಿಂದ ಕೂಗಿದರು, ಫೋನು. ತಮ್ಮ ಶಿವಲಿಂಗಯ್ಯ ಆ ಕಡೆಯಿಂದ ಎರಡೇ ಮಾತು ಹೇಳಿದ. ಅವ್ವ ನೆನ್ನೆಯಿಂದ ನೀರು ಬಿಟ್ಟು ಏನೂ ತಗೊಂಡಿಲ್ಲ. ನಿನ್ನ ಕೇಳ್ತಾವ್ಳೆ, ಬೇಗ ಬಾ.

ದಾಕ್ಷಾಯಣಿ ಸೆರಗಿಗೆ ಕೈ ಒರೆಸಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟೇ ನಿಂತಳು. ಗುಂಡ್ಲುಪೇಟೆ ಕಡೆಗೆ ಅರ್ಧ ಗಂಟೆಗೊಂದು ಬಸ್ಸಿದೆ. ಹತ್ತರೊಳಗೆ ಅವ್ವನ ಪಕ್ಕ ಕೂತಿರಬಹುದು. ಚಂದ್ರಮೌಳಿಯವರು ಆಗಲೇ ಗಾಡಿಯನ್ನು ಬೀದಿಗಿಳಿಸಿದ್ದರು. ಬಸ್ಸು ಎಲ್ಲ ಕಡೆ ನಿಲ್ಲುತ್ತೆ, ನಾವು ಎಲ್ಲೂ ನಿಲ್ಲೋದಿಲ್ಲ, ಒಂದು ಗಂಟೆ ಇಪ್ಪತ್ತು ನಿಮಿಷ, ಬೇಕಾದರೆ ಗಡಿಯಾರ ಇಟ್ಟುಕೊ ಎಂದರು. ಅವ್ವನಿಗೆ ಗಾಡಿಯಲ್ಲೇ ಬರುವುದು ಬೇಕಿತ್ತಲ್ಲ ಎಂದು ಅವಳಿಗೂ ಅನ್ನಿಸಿತು. ಹತ್ತಿ ಕೂತಳು. ಮೀಟರಿನ ಗಡಿಯಾರದಲ್ಲಿ ಏಳೂ ನಲವತ್ತೈದು.

ನಂಜನಗೂಡಿನವರೆಗೆ ಗಾಡಿ ದೇವರಂತೆ ಹೋಯಿತು. ಗೋಪುರ ಕಂಡಾಗ ಅವಳು ಕೂತಲ್ಲಿಂದಲೇ ಕೈಮುಗಿದಳು. ಊರು ದಾಟಿ ಸ್ವಲ್ಪ ದೂರಕ್ಕೆ ರಸ್ತೆಯ ಹಳ್ಳಕ್ಕೆ ಬಿದ್ದು ಗಾಡಿ ಕುಕ್ಕಿತು. ಟ್ರ್ಯಾಕ್ಟರಿನ ಮೀಟರಿನ ಮುಳ್ಳು ಹಸಿರಿನಿಂದ ಎದ್ದು, ಹಳದಿಯನ್ನು ಕೇಳದೆ, ನೆಟ್ಟಗೆ ಕೆಂಪಿಗೆ ಹೋಗಿ ಕೂತಿತು.

ಚಂದ್ರಮೌಳಿಯವರು ಹೌಹಾರಿ ಗಾಡಿ ನಿಲ್ಲಿಸಿದರು. ಪಕ್ಕದ ಸ್ಟ್ಯಾಂಡು ಹಾಕಿ ಒರಗಿಸಿದರು. ಕೀಲಿ ತಿರುಗಿಸಿ ಇಂಜಿನ್ನು ಆರಿಸಿ ಇಪ್ಪತ್ತು ನಿಮಿಷ ಕಾದು, ಮತ್ತೆ ಕೀಲಿ ತಿರುಗಿಸಿ ನೋಡಿದರು, ಮುಳ್ಳು ಕೆಂಪಿನಲ್ಲೇ. ಕೊನೆಗೆ ನೆರಳಿಗೆ ತಳ್ಳೋಣವೆಂದು ಗಾಡಿ ಎತ್ತಿ ಹ್ಯಾಂಡಲ್ಲು ನೇರ ಮಾಡಿದರೆ, ಮುಳ್ಳು ಇಳಿಯಿತು. "ನೋಡಿದ್ಯಾ, ತಣ್ಣಗಾಯ್ತು" ಎಂದು ಹೊರಟರು. ಇನ್ನೊಂದು ಹಳ್ಳ ಬರುವವರೆಗೆ, ಅಂದರೆ ಆರು ಕಿಲೋಮೀಟರು, ಸುಖವಾಗಿತ್ತು.

ಎರಡನೇ ಸಲ ನಿಂತದ್ದು ಒಂದು ಹುಣಸೆಮರದ ಕೆಳಗೆ, ಒಂಬತ್ತೂ ಇಪ್ಪತ್ತಕ್ಕೆ. ಚಂದ್ರಮೌಳಿಯವರು ಗಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಐದೈದು ನಿಮಿಷಕ್ಕೆ ಕೀಲಿ ತಿರುಗಿಸಿ ಮುಳ್ಳು ನೋಡುವುದು, ಕೆಂಪು ಕಂಡು ಆರಿಸುವುದು, ಹೀಗೇ ಜಪ ಮಾಡಿದರು. ದಾಕ್ಷಾಯಣಿ ಬಾಟಲಿಯಿಂದ ನಾಲ್ಕು ಹನಿ ನೀರು ಬೆರಳಿಗೆ ತೆಗೆದುಕೊಂಡು ಇಂಜಿನ್ನಿನ ಹೊಟ್ಟೆಗೆ, ಬಿಸಿ ಮೀಟರಿನ ವೈರು ಸೇರಿದ ಕಡೆಗೇ, ಚಿಮುಕಿಸಿದಳು. ಚುಂಯ್ ಎನ್ನಲಿಲ್ಲ. ನೀರು ನೀರಾಗಿಯೇ ಜಾರಿತು. ಬೆರಳಿಟ್ಟು ನೋಡಿದಳು.

"ಕಾದಿಲ್ಲ ಕಣ್ರೀ. ಹಾಲಿನ ಪಾತ್ರೆಯಷ್ಟು ಬೆಚ್ಚಗಿದೆ, ಅಷ್ಟೇ."

"ನಿನಗೇನು ಗೊತ್ತು? ಮುಳ್ಳು ಕೆಂಪಲ್ಲಿದೆ."

"ಒಲೆ ಆರಿಸಿ ಇಪ್ಪತ್ತು ನಿಮಿಷ ಆಯ್ತು. ಯಾವ ಸಾರು ಇನ್ನೂ ಕುದೀತಾ ಇರುತ್ತೆ?"

"ಇದು ಸಾರಲ್ಲ ದಾಕ್ಷಾಯಣಿ, ಇಂಜಿನ್ನು. ಒಳಗೊಳಗೇ ಕುದಿಯುತ್ತೆ."

ಒಳಗೊಳಗೇ ಕುದಿಯುವುದು ಯಾವುದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆಗ ಒಂಬತ್ತೂ ನಲವತ್ತು. ನಂಜನಗೂಡು ಕಡೆಯಿಂದ ಬಸ್ಸು ಬಂತು. ಅವಳು ರಸ್ತೆಗೆ ಇಳಿದು ಎಡಗೈ ಅಡ್ಡ ಹಿಡಿದಳು. ಬಸ್ಸು ನಿಂತಿತು. ಕಂಡಕ್ಟರು ಬಾಗಿಲು ತೆಗೆದು, ಬೇಗ ಹತ್ತಿ ತಾಯಿ ಎಂದ. ಅವಳ ಒಂದು ಕಾಲು ಮೆಟ್ಟಿಲ ಮೇಲಿತ್ತು.

"ಹತ್ತು ನಿಮಿಷ ಕಣೆ" ಎಂದರು ಚಂದ್ರಮೌಳಿಯವರು. ಅವರು ಕೂತಲ್ಲಿಂದ ಎದ್ದಿರಲಿಲ್ಲ. "ನೀನು ಬಸ್ಸಲ್ಲಿ ಇಳಿದು, ನಾನು ಹಿಂದಿಂದ ಗಾಡಿ ತಳ್ಕೊಂಡು ಬಂದ್ರೆ, ಆ ಬೀದೀಲಿ ನನ್ನ ಮುಖ ಏನಾಗ್ಬೇಕು?"

ಅವಳು ಅವರ ಮುಖ ನೋಡಿದಳು. ಕಾಲು ಕೆಳಗಿಟ್ಟಳು. ತಪ್ಪಾಯ್ತಪ್ಪ, ಹೋಗಿ ಎಂದು ಕಂಡಕ್ಟರಿಗೆ ಹೇಳಿದಳು. ಅವನು ಸೀಟಿ ಊದಿದ.

ಅಲ್ಲಿಂದ ಏಳಲು ಹತ್ತೂ ನಲವತ್ತಾಯಿತು. ಇನ್ನೊಂದು ಬಸ್ಸೂ ಹೋಯಿತು. ಬೇಗೂರು ದಾಟಿ ಮತ್ತೊಂದು ಹಳ್ಳ, ಮತ್ತೊಂದು ಕೆಂಪು, ಮತ್ತೊಂದು ಮರ, ಮತ್ತೊಂದು ಬಸ್ಸು. ಆಗ ಅವಳು ಕೈ ಅಡ್ಡ ಹಿಡಿಯಲಿಲ್ಲ. ಐದು ಮೀಟರಿನಲ್ಲಿ ಗಡಿಯಾರ ಒಂದು ಮಾತ್ರ ಪ್ರಾಮಾಣಿಕವಾಗಿ ನಡೆಯುತ್ತಿತ್ತು, ಅದನ್ನೇ ನೋಡುತ್ತ ಕೂತಳು.

ಗುಂಡ್ಲುಪೇಟೆಯ ಬೀದಿಗೆ ಬುಲೆಟ್ಟು ಗುಡುಗುತ್ತ ಬಂದಾಗ ಹನ್ನೆರಡೂ ನಲವತ್ತು. ಬೀದಿಯವರೆಲ್ಲ ಹೊರಗೇ ನಿಂತಿದ್ದರು. ಅವ್ವ ನಡುಮನೆಯಲ್ಲಿ ಗೋಡೆಗೊರಗಿ, ಬಾಗಿಲಿನ ಕಡೆ ಮುಖಮಾಡಿ ಕೂತಿದ್ದಳು. ಲಿಂಗವಂತರ ಮನೆಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಹಣೆ ತುಂಬ ವಿಭೂತಿ, ಎಡಗೈಯಲ್ಲಿ ಲಿಂಗ. ಗೊತ್ತಿಲ್ಲದವರು ದೂರದಿಂದ ನೋಡಿದರೆ, ಯಾರದೋ ದಾರಿ ಕಾಯುತ್ತ ಕೂತಿದ್ದಾಳೆ ಎನ್ನಬೇಕು.

"ಹನ್ನೊಂದೂಕಾಲ್ ಗಂಟ ಕಾದ್ಲು ಕಣಕ್ಕ" ಎಂದ ಶಿವಲಿಂಗಯ್ಯ. "ಬೀದೀಲಿ ಗಾಡಿ ಸದ್ದಾದಾಗೆಲ್ಲ ಕಣ್ಣು ಬುಡೋಳು." ಆಮೇಲೆ ಭಾವನ ಕಡೆ ತಿರುಗಿ, ಏಳಕ್ಕೆ ಫೋನ್ ಮಾಡಿದ್ನಲ್ಲ ಭಾವ, ಯಾಕಿಷ್ಟು ತಡ ಎಂದು ಕೇಳಿದ.

"ಇಂಜಿನ್ನು ಕಾದಿತ್ತಪ್ಪ" ಎಂದರು ಚಂದ್ರಮೌಳಿಯವರು.

ಅವ್ವನೂ ಕಾದಳು, ಇಂಜಿನ್ನೂ ಕಾಯಿತಂತೆ. ಮಾತು ಒಂದೇ. ದಾಕ್ಷಾಯಣಿಗೆ ಅಳು ಬರಲಿಲ್ಲ, ಲೆಕ್ಕ ಬಂತು. ಒಂಬತ್ತೂ ನಲವತ್ತರ ಬಸ್ಸು ಹತ್ತಿದ್ದರೆ ಹತ್ತೂ ಇಪ್ಪತ್ತಕ್ಕೆ ಇಲ್ಲಿ. ಅಲ್ಲಿಂದ ಹನ್ನೊಂದೂಕಾಲಿಗೆ ಐವತ್ತೈದು ನಿಮಿಷ. ಐವತ್ತೈದು ನಿಮಿಷ ಅವ್ವನ ಕೈ ಹಿಡಿದು ಕೂರಬಹುದಿತ್ತು. ಸಂಜೆ ನಾಲ್ಕಕ್ಕೆ ಮಣ್ಣು ಮಾಡಿದರು.

ಮೂರನೇ ದಿನ ಊರಿಗೆ ಹೊರಡುವ ಮೊದಲು ಚಂದ್ರಮೌಳಿಯವರು ಗಾಡಿ ಪರೀಕ್ಷೆಗೆ ನಿಂತರು. ಮೀಟರು ನೋಡಲು ತಿರುಗಿಸಿದ ಕೀಲಿ ಆರಿಸದೆ, ಕೈ ತೊಳೆಯಲು ಹಿತ್ತಲಿಗೆ ಹೋದರು. ಹ್ಯಾಂಡಲ್ಲು ಹಿಡಿದುಕೊಂಡಿರು ಎಂದು ಅವಳಿಗೆ ಹೇಳಿದ್ದರು. ಎರಡು ರಾತ್ರಿ ತಣ್ಣಗೆ ನಿಂತ ಗಾಡಿ, ಮುಳ್ಳು ಹಸಿರಿನಲ್ಲಿತ್ತು. ಅವಳು ಭಾರಕ್ಕೆ ಹ್ಯಾಂಡಲ್ಲನ್ನು ಎಡಕ್ಕೆ ವಾಲಿಸಿದಳು, ಮುಳ್ಳು ಕೆಂಪಿಗೆ ಹಾರಿತು. ನೇರ ಮಾಡಿದಳು, ಹಸಿರು. ಎಡಕ್ಕೆ, ಕೆಂಪು. ನೇರಕ್ಕೆ, ಹಸಿರು. ಸ್ಟ್ಯಾಂಡು ಹಾಕಿದರೆ ಹ್ಯಾಂಡಲ್ಲು ಎಡಕ್ಕೇ ವಾಲಬೇಕು. ಅವಳಿಗೆ ಆತುರವಿಲ್ಲ. ಅವಳು ಒಂದೊಂದೇ ವೈರನ್ನು ತಟ್ಟೆಯ ಹಿಂದಿನಿಂದ ಬೆರಳಲ್ಲಿ ಸವರಿಕೊಂಡು ಬಂದಳು. ದೀಪದ ಪಕ್ಕದಲ್ಲಿ ಬೆರಳು ನಿಂತಿತು.

ವೈರಿನ ಗೊಂಚಲನ್ನೂ ಹ್ಯಾಂಡಲ್ಲನ್ನೂ ಸೇರಿಸಿ ಬಿಗಿದ ಕಬ್ಬಿಣದ ತಂತಿ, ಎರಡು ಸುತ್ತು. ಒಂದು ವೈರಿನ ಮೈ ಕೊರೆದು ಒಳಗಿನ ತಾಮ್ರ ಕಾಣುತ್ತಿತ್ತು. ಚೆಲುವರಾಜು ಹೇಳಿದ ಹಾಗೆಯೇ, ಕಬ್ಬಿಣಕ್ಕೆ ತಾಗಿತ್ತು. ಗಂಟು ಎಡಕ್ಕೆ ತಿರುಗಿತ್ತು.

ಅವಳು ಆ ಗಂಟು ಬಿಚ್ಚಿದಳು. ಅವಳ ಗಂಟು ಅವಳೇ ಬಿಚ್ಚಬೇಕು, ಬೇರೆಯವರ ಕೈಲಿ ಆಗದು. ಉಗುರು ಕಿತ್ತು ರಕ್ತ ಬಂತು. ತಂತಿಯನ್ನು ತಿಪ್ಪೆಗೆ ಎಸೆದಳು. ವೈರಿನ ಮೇಲೆ ತನ್ನ ಗಾಯಕ್ಕೆ ಸುತ್ತುವವಳ ಹಾಗೆ ಬಟ್ಟೆಯ ಚೂರು ಸುತ್ತಿದಳು.

ಹೇಳಬೇಕು ಎಂದೇ ಇದ್ದಳು. ಅವರು ಕೈ ಒರೆಸಿಕೊಳ್ಳುತ್ತ ಬಂದಾಗ ಬಾಯಿ ತೆರೆದೂ ಇದ್ದಳು. ಅಷ್ಟರಲ್ಲಿ ಚಂದ್ರಮೌಳಿಯವರು ತಲೆ ತಗ್ಗಿಸಿಕೊಂಡು, "ತಪ್ಪು ನಂದೇ ಕಣೆ. ನೀನು ಮುಟ್ಟಿ ಹೇಳಿದ್ದೇ ಸರಿ. ನನ್ನ ಕ್ಷಮಿಸಿಬಿಡು" ಎಂದರು.

ಮೂವತ್ತೆರಡು ವರ್ಷದ ಸಂಸಾರದಲ್ಲಿ ಆ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು. ಉರಿವ ಹೊಟ್ಟೆಗೆ ಮಜ್ಜಿಗೆ ಬಿದ್ದ ಹಾಗಾಯಿತು. ಇನ್ನೊಂದು ಲೋಟ ಕುಡಿಯೋಣ ಎನ್ನಿಸಿತು. ದಾಕ್ಷಾಯಣಿ ತೆರೆದ ಬಾಯಿ ಮುಚ್ಚಿಕೊಂಡಳು.

ಆಮೇಲಿನ ಎಂಟು ವರ್ಷ ಆ ಲೋಟ ಬರಿದಾಗದಂತೆ ನೋಡಿಕೊಂಡಳು. ಚಂದ್ರಮೌಳಿಯವರು ಮೈಸೂರಿಗೆ ಬಂದ ವಾರದಲ್ಲೇ ಐದು ಮೀಟರನ್ನೂ ಬಿಚ್ಚಿ ಗುಜರಿಗೆ ಹಾಕಿದರು. ಗಾಡಿ ಮಾರಿದರು. ಕಾಶಿ, ಕೇದಾರ ಅವರು ಗೋಡೆಗೆ ಅಂಟಿಸಿದ್ದ ನಕ್ಷೆಯಲ್ಲೇ ಉಳಿದವು. ಕೈಗಡಿಯಾರ ಕೂಡ ಬಿಚ್ಚಿಟ್ಟು, ಗಂಟೆ ಎಷ್ಟಾಯ್ತು ನೋಡೆ ಎಂದು ಅವಳನ್ನೇ ಕೇಳುವರು. ನೀರು ಕಾದಿದೆಯೇ, ಹಾಲು ಕಾದಿದೆಯೇ, ನನಗೆ ಜ್ವರವೇ, ಎಲ್ಲಕ್ಕೂ ಅವಳ ಬೆರಳೇ ಬೇಕಾಯಿತು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ತಾವಾಗಿ ಬಿಟ್ಟುಕೊಡುವರು. ಯಾವ ಮಾತಿಗೆ ಎದುರಾಡಿದರೂ ಅವಳು "ಮುಳ್ಳು" ಎಂದರೆ ಸಾಕು, ನಾಲಿಗೆ ಹಿಂದೆ ಸರಿಯುತ್ತಿತ್ತು.

ಮದುವೆ ಮನೆಯಲ್ಲಿ, ನಾಮಕರಣದಲ್ಲಿ, ದಾಕ್ಷಾಯಣಮ್ಮನ ಇಡ್ಲಿ ತಟ್ಟೆ ಕತೆ ಕೇಳಲು ಹೆಂಗಸರು ಮುತ್ತಿಕೊಳ್ಳುವರು. ಹೇಳಿ ಹೇಳಿ ಕತೆಗೆ ಹೊಳಪು ಬಂತು. ಮೂರು ಬಸ್ಸು ಐದಾದವು. ಹಾರನ್ನಿನ ಹನ್ನೊಂದು ನಿಮಿಷ ಅರ್ಧ ಗಂಟೆಯಾಯಿತು. ಎಲ್ಲರೂ ಕಣ್ಣಲ್ಲಿ ನೀರು ಬರುವಂತೆ ನಕ್ಕು, ಕೊನೆಗೆ ಅವ್ವನ ಮಾತು ಬಂದಾಗ ಛೆ ಛೆ ಎನ್ನುವರು. ಚಂದ್ರಮೌಳಿಯವರು ಅಲ್ಲೇ ಕುರ್ಚಿಯಲ್ಲಿ ಕೂತು, ಕರೆದಾಗ ತಲೆದೂಗುವರು. ಆಯುಧಪೂಜೆಯ ಬಾಳೆಕಂದು ಮಾತ್ರ ಆ ಕತೆಯೊಳಗೆ ಒಮ್ಮೆಯೂ ಬರಲಿಲ್ಲ. ಅದೊಂದನ್ನು ಬಿಟ್ಟು ಮಿಕ್ಕ ಎಲ್ಲವನ್ನೂ ಅವಳು ಒಂದೂ ಬಿಡದೆ ಹೇಳುತ್ತಿದ್ದಳು.

ಎರಡು ಸಾವಿರದ ಒಂಬತ್ತರ ಆಷಾಢದಲ್ಲಿ ಅವರ ಹೃದಯ ಸೋತಿತು. ಆಸ್ಪತ್ರೆಯಲ್ಲಿ ಮಂಚದ ಪಕ್ಕದ ಯಂತ್ರದಲ್ಲಿ ಏನೇನೋ ಅಂಕಿ ಓಡುತ್ತಿದ್ದವು. ಅವರು ಒಮ್ಮೆಯೂ ಆ ಕಡೆ ತಿರುಗಿ ನೋಡಲಿಲ್ಲ, ಹೆಂಡತಿಯ ಮುಖ ನೋಡಿ, ಇವತ್ತು ಹೇಗಿದ್ದೀನಿ ಎಂದು ಕೇಳುವರು. ಅವಳು ಹಣೆ ಮುಟ್ಟಿ, ಪರವಾಗಿಲ್ಲ ಎನ್ನುವಳು. ಅದೂ ಸುಳ್ಳೇ.

ನಾಲ್ಕನೇ ದಿನ ಮಧ್ಯಾಹ್ನ ವಾರ್ಡಿನಲ್ಲಿ ಯಾರೂ ಇರಲಿಲ್ಲ. ಇವತ್ತು ಹೇಳಿಬಿಡಬೇಕು ಎಂದು ಅವಳು ಬೆಳಿಗ್ಗೆಯೇ ನಿರ್ಧಾರ ಮಾಡಿಕೊಂಡು ಬಂದಿದ್ದಳು. ಸ್ಟೂಲು ಹತ್ತಿರ ಎಳೆದುಕೊಂಡಳು. ಒಂದು ಮಾತು ಹೇಳೋದಿತ್ತು ಎಂದು ಶುರುಮಾಡಿದಳು.

"ನನಗೂ ಒಂದು ಕೇಳೋದಿತ್ತು" ಎಂದರು ಅವರು. ಉಸಿರು ಸಾಲದೆ ಸ್ವಲ್ಪ ತಡೆದರು. ಅವಳ ಎಡಗೈಯನ್ನು ಹುಡುಕಿ ಹಿಡಿದುಕೊಂಡರು. "ಸಾಯೋದಕ್ಕೆ ಭಯ ಇಲ್ಲ ಕಣೆ. ನಿಮ್ಮವ್ವನ ಮುಂದೆ ನಿಲ್ಲೋದಕ್ಕೇ ಭಯ. ಯಾಕಪ್ಪ ನನ್ನ ಮಗಳನ್ನ ಹೊತ್ತಿಗೆ ಸರಿಯಾಗಿ ಕರ್ಕೊಂಡು ಬರ್ಲಿಲ್ಲ ಅಂತ ಅವರು ಕೇಳಿದ್ರೆ, ನಾನು ಏನಂತ ಹೇಳ್ಲಿ ದಾಕ್ಷಾಯಣಿ?"